ಆಟ ನಮ್ಮದು, ಹರಾಜು ಅವರದು

(ಮಿಲ್ ಕಾರ್ಮಿಕರು ಹಾಗೂ ಚಿಲ್ಲರೆ ವರ್ತಕರ ಸಂಯುಕ್ತ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಗಿರಣಿಯ ಕೂಲಿ, ಅಕ್ಕಿಯ ಬೆಲೆ, ಅಂಗಡಿಯ ತೆರಿಗೆ, ಇವುಗಳನ್ನೆಲ್ಲ ಬದಿಗಿಟ್ಟು ಈ ಹೊತ್ತು ಆಟದ ವಿಚಾರವನ್ನು ಎತ್ತಿಕೊಂಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೆ. ಆದರೆ ಆ ಮಲ್ಲಿಗೆಯ ಹಣವನ್ನೂ ನಿಮ್ಮ ಹಿಟ್ಟಿನ ಡಬ್ಬಿಯಿಂದಲೇ ತೆಗೆಯುತ್ತಿದ್ದಾರೆ ಎಂಬುದನ್ನು ಲೆಕ್ಕಸಹಿತ ತೋರಿಸುವುದಕ್ಕೆ ನಿಂತಿದ್ದೇನೆ.

ಈಗ ದೊಡ್ಡ ಊರುಗಳಲ್ಲಿ ಒಂದು ಹೊಸ ಬಗೆಯ ಸಭೆ ನಡೆಯುತ್ತಿರುತ್ತದೆ. ಉದ್ಯಮಪತಿಗಳ ಸಂಘವಾದ ಫಿಕ್ಕಿಯವರು ‘ಟರ್ಫ್’ ಎಂಬ ಹೆಸರಿನಲ್ಲಿ, ಸಿಐಐಯವರು ‘ಸ್ಕೋರ್‌ಕಾರ್ಡ್’ ಎಂಬ ಹೆಸರಿನಲ್ಲಿ ಇಂಥ ಸಮ್ಮೇಳನ ನಡೆಸುತ್ತಾರೆ. ವಿಷಯ: ಕ್ರೀಡೆಯ ವ್ಯಾಪಾರ, ಕ್ರೀಡೆಯ ತಂತ್ರಜ್ಞಾನ. ತಂಡಗಳ ಒಡೆಯರು, ಟೆಲಿವಿಷನ್ ಕಂಪನಿಗಳವರು, ಜಾಹೀರಾತಿನವರು, ಮೊಬೈಲ್ ಆ್ಯಪ್‌ನವರು, ಬಂಡವಾಳ ಹೂಡುವವರು ಒಂದೆಡೆ ಸೇರುತ್ತಾರೆ. 2023ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಮುಂಬಯಿಯಲ್ಲಿ, ನಮ್ಮ ದೇಶದ ಅತಿ ದೊಡ್ಡ ಧನಿಕ ಮನೆತನ ಕಟ್ಟಿಸಿದ ಸಭಾಭವನದಲ್ಲಿ, ತನ್ನ 141ನೆಯ ಅಧಿವೇಶನ ನಡೆಸಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟನ್ನು ಸೇರಿಸಿದ ತೀರ್ಮಾನ ಅಲ್ಲಿಯೇ ಆಯಿತು. ಸಂತೋಷ. ಆಟ ಬೆಳೆಯಲಿ. ಆದರೆ ಇಂಥ ಸಭೆಗಳಲ್ಲಿ ಆಟ ನೋಡುವ ನಿಮ್ಮನ್ನು ಏನೆಂದು ಕರೆಯುತ್ತಾರೆ ಬಲ್ಲಿರಾ? ಗಿರಾಕಿ ಎಂದು. ನಿಮ್ಮ ಕಣ್ಣು ಎಷ್ಟು ನಿಮಿಷ ಪರದೆಯ ಮೇಲಿತ್ತು, ನಿಮ್ಮ ಬೆರಳು ಎಲ್ಲಿ ಒತ್ತಿತು, ನಿಮ್ಮ ಜೇಬಿನಿಂದ ಎಷ್ಟು ಬರಬಹುದು, ಇದೇ ಅಲ್ಲಿಯ ಲೆಕ್ಕ. ಚೆಂಡು ಹೊಲಿಯುವವನಿಗೆ, ಗಿರಣಿಯಿಂದ ಬಂದು ಮೈದಾನದಲ್ಲಿ ನಿಲ್ಲುವವನಿಗೆ ಆ ವೇದಿಕೆಯಲ್ಲಿ ಕುರ್ಚಿಯಿಲ್ಲ.

ಆಟ ಹುಟ್ಟಿದ್ದು ಎಲ್ಲಿ?

ಇವರು ಮಾರುತ್ತಿರುವ ಆಟ ಇವರ ಸ್ವಯಾರ್ಜಿತವಲ್ಲ. ಅದು ಕಾರ್ಮಿಕನ ಬಿಡುವಿನಲ್ಲಿ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ 1850ರ ಕಾರ್ಖಾನೆ ಕಾಯಿದೆ ಬಟ್ಟೆಗಿರಣಿಯ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದು ವಿಧಿಸಿತು. ಶನಿವಾರದ ಅರ್ಧ ರಜೆ ಕ್ರಮೇಣ ಎಲ್ಲರಿಗೂ ಹಬ್ಬಿತು. ಮೂರು ಗಂಟೆಗೆ ಫುಟ್‌ಬಾಲ್ ಪಂದ್ಯ ಶುರುಮಾಡುವ ಅಲ್ಲಿಯ ರೂಢಿಗೆ ಮೂಲ ಇದೇ. ಯಾವ ಧನಿಕನೂ ಆ ಬಿಡುವನ್ನು ದಾನವಾಗಿ ಕೊಡಲಿಲ್ಲ. ಕೆಲಸದ ಗಂಟೆ ಇಳಿಸಬೇಕೆಂದು ಹೋರಾಡಿ ಪಡೆದದ್ದು.

ಇಂದು ಜಗತ್ತಿನ ಮಕ್ಕಳೆಲ್ಲ ಅಂಗಿ ತೊಟ್ಟು ಮೆರೆಯುವ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1878ರಲ್ಲಿ ಕಟ್ಟಿದವರು ನ್ಯೂಟನ್ ಹೀತ್‌ನ ರೈಲ್ವೆ ಕಾರ್ಮಿಕರು. ಆರ್ಸೆನಲ್ ತಂಡವನ್ನು 1886ರಲ್ಲಿ ಕಟ್ಟಿದವರು ವೂಲಿಚ್‌ನ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು. ವೆಸ್ಟ್ ಹ್ಯಾಮ್ ತಂಡದ ಮೂಲ 1895ರಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ. 2005ರಲ್ಲಿ ಆ ಮ್ಯಾಂಚೆಸ್ಟರ್ ತಂಡವನ್ನು ಅಮೆರಿಕದ ಒಂದು ಧನಿಕ ಕುಟುಂಬ ಕೊಂಡಿತು. ಕೊಳ್ಳಲು ತಂದ ಸಾಲದ ದೊಡ್ಡ ಪಾಲನ್ನು ತಂಡದ ತಲೆಯ ಮೇಲೆಯೇ ಹೊರಿಸಿತು. ಎಮ್ಮೆಯನ್ನು ಕೊಳ್ಳಲು ಸಾಲ ಮಾಡಿ, ಆ ಸಾಲವನ್ನು ಎಮ್ಮೆಯೇ ತೀರಿಸಲಿ ಎಂದ ಹಾಗೆ!

ನಮ್ಮಲ್ಲಿಯೂ ಹಾಗೆಯೆ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946–47, 1952–53, 1967–68, 1968–69ರಲ್ಲಿ ಗೆದ್ದಿತು. ಬೆಂಗಳೂರಿನ ಫುಟ್‌ಬಾಲನ್ನು ಸಾಕಿದ್ದರಲ್ಲಿ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳ ತಂಡಗಳ ಪಾಲು ದೊಡ್ಡದು. ಆಟಗಾರನಿಗೆ ಕೆಲಸ, ಕೆಲಸಗಾರನಿಗೆ ಆಟ, ಎರಡೂ ಒಂದೇ ಗೇಟಿನೊಳಗೆ ಇದ್ದವು. ಆ ಬಳಿಕ ರಾಜ್ಯಕ್ಕೆ ಮತ್ತೆ ಆ ಟ್ರೋಫಿ ಬಂದದ್ದು 2023ರಲ್ಲಿ, 54 ವರ್ಷ ಕಳೆದ ಮೇಲೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನೀವು ಬಲ್ಲಿರಿ. ಗಿರಣಿ ಮುಚ್ಚಿದಲ್ಲಿ ಸೈರನ್ ಮಾತ್ರ ನಿಲ್ಲುವುದಿಲ್ಲ. ಗಿರಣಿಯ ಮೈದಾನವೂ ಹೋಗುತ್ತದೆ.

ಒಂದು ಎಸೆತಕ್ಕೆ 49 ಲಕ್ಷ

ಈಗ ನಮ್ಮ ದೇಶದ ಲೆಕ್ಕಕ್ಕೆ ಬರೋಣ. 1993ರಲ್ಲಿ ಹೀರೋ ಕಪ್ ಪಂದ್ಯಗಳ ಪ್ರಸಾರದ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ವ್ಯಾಜ್ಯ ಬಿತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು: ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯವೂ ಅಲ್ಲಿ ಸಲ್ಲದು, ಜನರ ಹಿತಕ್ಕಾಗಿ ಅವನ್ನು ನಿಯಂತ್ರಿಸಬೇಕು. ಮಾತು ಚಿನ್ನದಂಥದು. ಆದರೆ ನಡೆದದ್ದೇನು? ಸರ್ಕಾರದ ಕೈಯಿಂದ ಬಿಡಿಸಿದ ಗಂಟು ಜನರ ಕೈಗೆ ಬರಲಿಲ್ಲ, ಬಿಡ್ಡಿನಲ್ಲಿ ಹೆಚ್ಚು ಕೂಗಿದವನ ಕೈಗೆ ಹೋಯಿತು.

ಐಪಿಎಲ್ ಪ್ರಸಾರದ ಹಕ್ಕು 2018ರಿಂದ 2022ರವರೆಗಿನ ಐದು ವರ್ಷಕ್ಕೆ 16,347.5 ಕೋಟಿ ರೂಪಾಯಿಗೆ ಹೋಯಿತು. 2022ರ ಜೂನಿನಲ್ಲಿ ಮುಂದಿನ ಐದು ವರ್ಷದ ಹರಾಜು ನಡೆದು 48,390 ಕೋಟಿಗೆ ಏರಿತು. ಟೆಲಿವಿಷನ್ ಒಂದು ಕಂಪನಿಗೆ, ಮೊಬೈಲು ಇನ್ನೊಂದು ಕಂಪನಿಗೆ. 410 ಪಂದ್ಯಗಳ ಲೆಕ್ಕ ಹಿಡಿದರೆ ಪಂದ್ಯವೊಂದಕ್ಕೆ 118 ಕೋಟಿ. ಎರಡೂ ಕಡೆ ಸೇರಿ 240 ಎಸೆತ. ಅಂದರೆ ಎಸೆತವೊಂದಕ್ಕೆ ಸುಮಾರು 49 ಲಕ್ಷ. ನಮ್ಮ ಗಿರಣಿಯ ಒಬ್ಬ ಕೆಲಸಗಾರ ಜೀವಮಾನವೆಲ್ಲ ಮಗ್ಗದ ಮುಂದೆ ನಿಂತು ಕಾಣದ ಹಣ, ಬೌಲರ್ ಓಡಿ ಬಂದು ಕೈ ಬೀಸುವಷ್ಟರಲ್ಲಿ ಮುಗಿಯಿತು.

ಹರಾಜಿನಲ್ಲಿ ಎದುರಾಳಿಗಳಾಗಿ ಕೂಗಿದ ಆ ಎರಡು ಕಂಪನಿಗಳು ಕಡೆಗೆ ಏನಾದವು? 2024ರ ನವೆಂಬರಿನಲ್ಲಿ ಒಂದಾದವು. ಪೈಪೋಟಿಯಿಂದ ಗ್ರಾಹಕನಿಗೆ ಅನುಕೂಲ ಎಂದು ನಮಗೆ ಪಾಠ ಹೇಳುವವರು ಇದಕ್ಕೆ ಏನು ಹೇಳುತ್ತಾರೆ? 2023ರಲ್ಲಿ ಮೊಬೈಲಿನಲ್ಲಿ ಪಂದ್ಯಗಳನ್ನು ಪುಕ್ಕಟೆ ತೋರಿಸಿದರು. ಜನ ಉಘೇ ಎಂದರು. 2025ಕ್ಕೆ, ಎರಡೂ ಒಂದಾದ ಮೇಲೆ, ಮೂರು ತಿಂಗಳಿಗೆ 149 ರೂಪಾಯಿಯಿಂದ ಮೊದಲಾಗುವ ಚಂದಾ ಬಂತು. ಮೊದಲು ಬೆಲ್ಲ ತೋರಿಸಿ ಆಮೇಲೆ ತಕ್ಕಡಿ ತೆಗೆಯುವ ವ್ಯಾಪಾರ ಇದು. ನಮ್ಮ ಸಂತೆಯ ವರ್ತಕ ಹೀಗೆ ಮಾಡಿದರೆ ಮರುವಾರ ಅವನ ಅಂಗಡಿಗೆ ಯಾರೂ ಹೋಗುವುದಿಲ್ಲ. ಇಲ್ಲಿ ಮಗ್ಗುಲಲ್ಲಿ ಬೇರೆ ಅಂಗಡಿಯೇ ಇಲ್ಲ!

2007ರಲ್ಲಿ ಪಾರ್ಲಿಮೆಂಟು ಒಂದು ಒಳ್ಳೆಯ ಕಾಯಿದೆ ಮಾಡಿತ್ತು. ರಾಷ್ಟ್ರೀಯ ಮಹತ್ತ್ವದ ಪಂದ್ಯಗಳನ್ನು ಯಾರೇ ಕೊಂಡಿರಲಿ, ದೂರದರ್ಶನಕ್ಕೂ ಕೊಡಬೇಕು ಎಂದು. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಅದರ ಅರ್ಥವನ್ನು ನಿಷ್ಕರ್ಷಿಸಿ, ಹಾಗೆ ಪಡೆದ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಕೇಬಲ್‌ನವರಿಗೆ ಹಂಚುವಂತಿಲ್ಲ ಎಂದಿತು. ಐಪಿಎಲ್ ಅಂತೂ ಆ ರಾಷ್ಟ್ರೀಯ ಮಹತ್ತ್ವದ ಪಟ್ಟಿಯಲ್ಲೇ ಇಲ್ಲ. ಬೀದಿಬೀದಿಗೆ ತಂತಿ ಎಳೆದು ಹೊಟ್ಟೆ ಹೊರೆಯುವ ಕೇಬಲ್ ವರ್ತಕನೂ, ಗಿರಾಕಿ ಕೂರಲಿ ಎಂದು ಗೋಡೆಗೆ ಟಿ.ವಿ. ಹಾಕಿದ ಚಹಾದಂಗಡಿಯವನೂ ಕೇಳಿದ ಬೆಲೆ ತೆರಲೇಬೇಕು.

ಆ ಹಣ ಎಲ್ಲಿಂದ ಬಂತು?

48,390 ಕೋಟಿಯನ್ನು ಕಂಪನಿಯವರು ಮನೆಯ ತಿಜೋರಿಯಿಂದ ತಂದರೆ? ಇಲ್ಲ. ಒಂದಿಷ್ಟು ಚಂದಾದಿಂದ, ಬಹುಪಾಲು ಜಾಹೀರಾತಿನಿಂದ ಮರಳಿ ಪಡೆಯುತ್ತಾರೆ. ಜಾಹೀರಾತು ಕೊಟ್ಟವನು ಅದನ್ನು ಸಾಬೂನಿನ ಬಿಲ್ಲೆಯ ಮೇಲೆ, ಹಲ್ಲುಪುಡಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಹಾಕುತ್ತಾನೆ. ಪಂದ್ಯ ನೋಡದ ಅಜ್ಜಿಯೂ ಸಾಬೂನು ಕೊಂಡಾಗ ಪಂದ್ಯದ ತೆರಿಗೆ ಕಟ್ಟುತ್ತಾಳೆ. ಸರ್ಕಾರ ಒಂದು ಕಾಸು ತೆರಿಗೆ ಏರಿಸಿದರೆ ಮೆರವಣಿಗೆ ಹೊರಡುವ ನಾವು ಈ ತೆರಿಗೆಗೆ ಚಪ್ಪಾಳೆ ತಟ್ಟುತ್ತೇವೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಹಾಗಾದರೆ ಆಟಗಾರನಿಗೆ ಸಿಕ್ಕಿತೆ? ಇಲ್ಲಿ ನ್ಯಾಯವಾಗಿ ಒಂದು ಮಾತು ಒಪ್ಪಬೇಕು. 2017ರ ಹರಾಜಿನಲ್ಲಿ ಹೈದರಾಬಾದಿನ ಆಟೋರಿಕ್ಷಾ ಚಾಲಕನ ಮಗ ಮೊಹಮ್ಮದ್ ಸಿರಾಜ್ 2.6 ಕೋಟಿಗೂ, ಸೇಲಂ ಜಿಲ್ಲೆಯ ಕೂಲಿಯ ಮಗ ನಟರಾಜನ್ 3 ಕೋಟಿಗೂ ಹೋದರು. ಬಡವರ ಮನೆಗೆ ದೀಪ ಬಂತು. ಅದನ್ನು ಅಲ್ಲಗಳೆಯುವವನು ಸಮಾಜವಾದಿಯಲ್ಲ. ಆದರೆ ಒಟ್ಟು ಲೆಕ್ಕ ನೋಡಿ. 2025ರಲ್ಲಿ ತಂಡವೊಂದು ಆಟಗಾರರಿಗೆ ಖರ್ಚು ಮಾಡಬಹುದಾದ ಮಿತಿ 120 ಕೋಟಿ. ಹತ್ತು ತಂಡಕ್ಕೆ 1,200 ಕೋಟಿ. ಪ್ರಸಾರದ ಹಣ ವರ್ಷಕ್ಕೆ 9,678 ಕೋಟಿ. ಪಂದ್ಯಶುಲ್ಕ ಸೇರಿಸಿದರೂ, ಬೆವರು ಸುರಿಸಿದವರ ಪಾಲು ಪ್ರಸಾರದ ಹಣವೊಂದಕ್ಕೆ ಹೋಲಿಸಿದರೆ ನೂರಕ್ಕೆ ಹದಿನಾಲ್ಕರೊಳಗೆ. ಟಿಕೇಟು, ಅಂಗಿಯ ಮೇಲಿನ ಹೆಸರು, ಇವುಗಳ ಹಣ ಈ ಲೆಕ್ಕಕ್ಕೆ ಸೇರಿಲ್ಲ. ಬಂಡವಾಳಶಾಹಿಯ ತವರುಮನೆ ಎನಿಸಿದ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರು ಆಟದ ವರಮಾನದಲ್ಲಿ ಸುಮಾರು ಅರ್ಧ ಪಾಲು ಪಡೆಯುತ್ತಾರೆ.

ಏಕೆ ಈ ಭೇದ? ಅಲ್ಲಿ ಯೂನಿಯನ್ ಇದೆ. ಈ ಕಥೆಯನ್ನು ಮಿಲ್ ಕಾರ್ಮಿಕರು ಕೇಳಲೇಬೇಕು. 1966ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರು ತಮ್ಮ ಸಂಘಕ್ಕೆ ಮಾರ್ವಿನ್ ಮಿಲ್ಲರ್ ಎಂಬವನನ್ನು ಕರೆತಂದರು. ಅವನು ಆಟಗಾರನಲ್ಲ, ಉಕ್ಕಿನ ಕಾರ್ಖಾನೆ ಕಾರ್ಮಿಕರ ಯೂನಿಯನ್ನಿನಲ್ಲಿ ಲೆಕ್ಕ ನೋಡುತ್ತಿದ್ದವನು. ಆಗ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. ತಂಡದ ಒಡೆಯ ಬಿಟ್ಟ ಹೊರತು ಆಟಗಾರ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಒಂದು ಬಗೆಯ ಜೀತ. 1968ರಲ್ಲಿ ಮಿಲ್ಲರ್ ಒಡೆಯರನ್ನು ಮಾತುಕತೆಗೆ ಕೂರಿಸಿ ಸಾಮೂಹಿಕ ಕರಾರು ಮಾಡಿಸಿದ. ಕನಿಷ್ಠ ಸಂಬಳ 10,000 ಡಾಲರ್ ಆಯಿತು. 1969ರಲ್ಲಿ ಕರ್ಟ್ ಫ್ಲಡ್ ಎಂಬ ನೀಗ್ರೋ ಜನಾಂಗದ ಆಟಗಾರ, ನಾನು ಮಾರಾಟದ ಸರಕಲ್ಲ ಎಂದು ನಿಂತ. 1972ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಸೋತ. ಆದರೆ ಸಂಘ ಸೋಲಲಿಲ್ಲ. 1975ರ ಡಿಸೆಂಬರಿನಲ್ಲಿ ಪಂಚಾಯ್ತಿದಾರನ ತೀರ್ಪಿನಿಂದ ಆ ಜೀತ ಮುರಿಯಿತು. ಒಬ್ಬ ಸೋತಲ್ಲಿ ಸಂಘ ಗೆದ್ದಿತು. ನಮ್ಮಲ್ಲಿ 2019ರಲ್ಲಿ ಕಟ್ಟಿದ ಕ್ರಿಕೆಟಿಗರ ಸಂಘ ನಿವೃತ್ತರಿಗೆ ಮಾತ್ರ. ಆಡುತ್ತಿರುವವನ ಪರವಾಗಿ ಕೂತು ಚೌಕಾಶಿ ಮಾಡುವ ಸಂಘ ಇಲ್ಲ.

ಯಂತ್ರದ ಮಾತು

ಸಮ್ಮೇಳನಗಳಲ್ಲಿ ತಂತ್ರಜ್ಞಾನದ ಗುಣಗಾನ ಬಹಳ. ಯಂತ್ರಕ್ಕೆ ನಾವು ವೈರಿಗಳಲ್ಲ. 1992ರಲ್ಲಿ ಡರ್ಬನ್ನಿನಲ್ಲಿ ಟಿ.ವಿ. ನೋಡಿ ತೀರ್ಪು ಹೇಳುವ ಮೂರನೆಯ ಅಂಪೈರು ಮೊದಲು ಔಟ್ ಕೊಟ್ಟದ್ದು ಸಚಿನ್ ತೆಂಡೂಲ್ಕರನಿಗೆ. ತೀರ್ಪು ಸರಿಯಾಗಿತ್ತು. ನಿಜ ತಿಳಿಸುವ ಯಂತ್ರ ಬರಲಿ. ಪ್ರಶ್ನೆ ಬೇರೆ: ಯಂತ್ರ ಬಂದಾಗ ಮನುಷ್ಯನ ಗತಿಯೇನು?

ವಿಂಬಲ್ಡನ್ ಟೆನಿಸ್‌ನಲ್ಲಿ 147 ವರ್ಷ ಗೆರೆಯ ಬಳಿ ನಿಂತು ತೀರ್ಪು ಹೇಳುತ್ತಿದ್ದವರನ್ನು 2025ರಲ್ಲಿ ತೆಗೆದುಹಾಕಿ ಕ್ಯಾಮೆರಾ ಇಟ್ಟರು. ಅದೇ ವರ್ಷದ ಒಂದು ಪಂದ್ಯದಲ್ಲಿ ಆ ಯಂತ್ರವನ್ನು ಯಾರೋ ತಪ್ಪಿ ನಿಲ್ಲಿಸಿದ್ದರು. ಚೆಂಡು ಗೆರೆಯಾಚೆ ಬಿದ್ದರೂ ಯಂತ್ರ ಸುಮ್ಮನಿತ್ತು, ಕೂಗಲು ಮನುಷ್ಯನೂ ಇರಲಿಲ್ಲ. ಆಟೋಮ್ಯಾಟಿಕ್ ಮಗ್ಗ ಬಂದಾಗ ಸಾಲಿಗೆ ಸಾಲೇ ಕೆಲಸ ಕಳೆದುಕೊಂಡ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಚೆಂಡಿನ ಕಥೆಯೂ ಅದೇ. ಮೀರತ್, ಜಲಂಧರ್‌ಗಳ ಆಟದ ಸಾಮಾನಿನ ಉದ್ಯಮ ಬೆಳೆದದ್ದು 1947ರ ದೇಶವಿಭಜನೆಯಲ್ಲಿ ಸಿಯಾಲ್‌ಕೋಟ್ ಬಿಟ್ಟು ಬಂದ ನಿರಾಶ್ರಿತರ ಕೈಯಿಂದ. ಸಿಯಾಲ್‌ಕೋಟ್‌ನಲ್ಲಿ ಉಳಿದವರೂ ಜಗತ್ತಿಗೆಲ್ಲ ಫುಟ್‌ಬಾಲ್ ಹೊಲಿದರು. ಮಕ್ಕಳಿಂದ ಹೊಲಿಸುತ್ತಿದ್ದ ಸುದ್ದಿ ಹೊರಬಿದ್ದು, 1997ರಲ್ಲಿ ಅಟ್ಲಾಂಟಾದಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು. ಅನಂತರ ದೊಡ್ಡ ಪಂದ್ಯಗಳ ಚೆಂಡನ್ನು ಹೊಲಿಯುವ ಬದಲು ಶಾಖದಿಂದ ಅಂಟಿಸುವ ಯಂತ್ರ ಬಂತು. 2014ರ ವಿಶ್ವಕಪ್ಪಿನ ಚೆಂಡು ಅದೇ ಊರಿನಲ್ಲಿ ಆದದ್ದು. ಆದರೆ ಅದಕ್ಕೆ ಸೂಜಿ ದಾರ ಬೇಕಾಗಲಿಲ್ಲ. ಹೊಲಿಯುತ್ತಿದ್ದ ಕೈಗಳ ಮುಂದಿನ ಪಾಡೇನೆಂಬುದು ಯಾವ ಸಮ್ಮೇಳನದ ಕಾರ್ಯಕ್ರಮ ಪಟ್ಟಿಯಲ್ಲೂ ಕಾಣುವುದಿಲ್ಲ.

ತಂತ್ರಜ್ಞಾನದ ಇನ್ನೊಂದು ಮುಖ ಮೊಬೈಲಿನ ಜೂಜು. ತಂಡ ಕಟ್ಟಿ ಹಣ ಗೆಲ್ಲಿ ಎಂಬ ಕಂಪನಿಯೊಂದರ ಹೆಸರನ್ನು ಭಾರತ ತಂಡದ ಎದೆಯ ಮೇಲೆಯೇ 2023ರಿಂದ ಬರೆಸಿದ್ದರು. ನಮ್ಮ ರಾಜ್ಯ 2021ರಲ್ಲಿ ಆನ್‌ಲೈನ್ ಜೂಜನ್ನು ನಿಷೇಧಿಸಲು ಕಾಯಿದೆ ಮಾಡಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ಹಣದ ಆಟಗಳನ್ನು ನಿಷೇಧಿಸಿತು. ಆ ಹೊತ್ತಿಗೆ ಕೇಂದ್ರ ಸರ್ಕಾರವೇ ಕೊಟ್ಟ ಅಂದಾಜಿನಂತೆ 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು. ಸಂಬಳದ ಲಕೋಟೆ ಮನೆಗೆ ಬರುವ ಮುನ್ನವೇ ಖಾಲಿಯಾದ ಮನೆಗಳು ಎಷ್ಟೋ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಆದರೂ ಹಾಕಿದ್ದು ಒಳ್ಳೆಯದು. ಅದನ್ನು ಮತ್ತೆ ತೆರೆಯದಂತೆ ಕಾಯುವುದು ನಮ್ಮ ಕೆಲಸ.

ಹನ್ನೊಂದು ಜೀವಗಳು

ಬಂಧುಗಳೆ, 2025ರ ಜೂನ್ 4ನ್ನು ಕರ್ನಾಟಕ ಮರೆಯಲಾರದು. ಹಿಂದಿನ ರಾತ್ರಿ ಬೆಂಗಳೂರು ತಂಡ 18 ವರ್ಷ ಕಾದ ಕಪ್ಪನ್ನು ಗೆದ್ದಿತ್ತು. ಸುಮಾರು 35,000 ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಿಗೆ ಲಕ್ಷಗಟ್ಟಲೆ ಜನ ಬಂದರು. ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರು ತಂಡದ ಷೇರುದಾರರಲ್ಲ. ಆ ತಂಡವನ್ನು ‘ನಮ್ಮದು’ ಎಂದು ನಂಬಿದವರು.

ತಪ್ಪು ಯಾರದೆಂಬುದನ್ನು ವಿಚಾರಣೆ, ನ್ಯಾಯಾಲಯಗಳು ನಿರ್ಣಯಿಸತಕ್ಕದ್ದು. ನಾನು ಕೇಳುವುದು ಬೇರೊಂದು. ನಮ್ಮ ಕಣ್ಣು ಪರದೆಯ ಮೇಲೆ ಎಷ್ಟು ಸೆಕೆಂಡು ಇತ್ತೆಂದು ಅಳೆಯಬಲ್ಲ ವಿದ್ಯೆ ಇವರಲ್ಲಿದೆ. ಯಾವ ಊರಿನಲ್ಲಿ ಎಷ್ಟು ಅಭಿಮಾನಿಗಳಿದ್ದಾರೆಂದು ಇವರು ಬಲ್ಲರು. ಬಾಗಿಲ ಬಳಿ ಎಷ್ಟು ಜನ ಬಂದಾರು, ಅವರಿಗೆ ಎಷ್ಟು ದಾರಿ ಬೇಕು ಎಂಬುದು ಮಾತ್ರ ಈ ವಿದ್ಯೆಗೆ ನಿಲುಕಲಿಲ್ಲವೆ? ಲಾಭ ತರುವ ಲೆಕ್ಕಕ್ಕೆ ಬುದ್ಧಿ ಓಡುತ್ತದೆ. ಜೀವ ಉಳಿಸುವ ಲೆಕ್ಕಕ್ಕೆ ಓಡುವುದಿಲ್ಲ. ಜನರನ್ನು ಗಿರಾಕಿ ಎಂದು ಕಾಣುವ ಕಣ್ಣಿಗೆ ಅವರು ಮನುಷ್ಯರಾಗಿ ಕಾಣುವುದು ತಡ.

ದಾರಿ ಇದೆ

ಇದು ಕಲಿಗಾಲ, ಏನೂ ಮಾಡಲಾಗದು ಎಂದು ಕೈಚೆಲ್ಲಬೇಡಿ. ಜರ್ಮನಿಯಲ್ಲಿ ಫುಟ್‌ಬಾಲ್ ತಂಡದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ 1998ರಿಂದ ಇದೆ. ಒಂದೆರಡು ವಿನಾಯಿತಿ ಬಿಟ್ಟರೆ ಹಣವಂತ ಅಲ್ಲಿ ಪೂರ್ಣ ಒಡೆಯನಾಗಲಾರ. ಅಲ್ಲಿಯ ಲೀಗಿನವರು ಇಪ್ಪತ್ತು ವರ್ಷದ ಪ್ರಸಾರ ವರಮಾನದಲ್ಲಿ ನೂರಕ್ಕೆ 8ರ ಪಾಲನ್ನು ಬಂಡವಾಳದ ಕಂಪನಿಗೆ ಮಾರಹೊರಟಾಗ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡು ಎಸೆದು ಪಂದ್ಯ ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ಆ ವ್ಯಾಪಾರ ಮುರಿದುಬಿತ್ತು. 2021ರ ಏಪ್ರಿಲಿನಲ್ಲಿ ಯೂರೋಪಿನ 12 ಶ್ರೀಮಂತ ತಂಡಗಳು ತಮ್ಮದೇ ಪ್ರತ್ಯೇಕ ಲೀಗು ಕಟ್ಟುವುದಾಗಿ ಸಾರಿದವು. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಅಲ್ಲಿಯ ಆರೂ ತಂಡಗಳು ಹಿಂದೆ ಸರಿದವು. ಕೋಟಿಗಟ್ಟಲೆ ಹಣ ಸಂಘಟಿತ ಜನರ ಮುಂದೆ ಎರಡು ದಿನ ನಿಲ್ಲಲಿಲ್ಲ.

ನಾವು ಕೇಳತಕ್ಕದ್ದು ಇಷ್ಟು. ಒಂದು, ತರಂಗ ಜನರ ಸ್ವತ್ತಾದರೆ ಅದರ ಮೇಲೆ ಸಾಗುವ ದೊಡ್ಡ ಪಂದ್ಯಗಳು, ಐಪಿಎಲ್ ಅಂತಿಮ ಪಂದ್ಯವೂ ಸೇರಿ, ದೂರದರ್ಶನದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗಲಿ. 2007ರ ಕಾಯಿದೆಯನ್ನು ತಿದ್ದಿ ಕೇಬಲ್‌ಗೂ ಹಂಚುವಂತಾಗಲಿ. ಎರಡು, ಪ್ರಸಾರದ ಹರಾಜಿನ ಹಣದಲ್ಲಿ ಗೊತ್ತಾದ ಒಂದು ಪಾಲು ಜಿಲ್ಲಾ, ತಾಲ್ಲೂಕು ಮೈದಾನಗಳಿಗೆ ಕಾನೂನಿನ ಮೂಲಕ ಬರಲಿ. ಮುಚ್ಚಿದ ಗಿರಣಿಗಳ ಮೈದಾನ ಸೈಟುಗಳಾಗದಿರಲಿ. ಮೂರು, 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳನ್ನು ಮಾತ್ರ ಮಾಹಿತಿ ಹಕ್ಕಿಗೆ ಒಳಪಡಿಸಿದೆ. ಹಣ ಪಡೆಯಲಿ ಬಿಡಲಿ, ದೇಶದ ಹೆಸರಿನಲ್ಲಿ ಆಡಿಸುವವರು ದೇಶದ ಜನಕ್ಕೆ ಲೆಕ್ಕ ಒಪ್ಪಿಸಲಿ. ನಾಲ್ಕು, ಆಡುವವರಿಗೂ, ಮೈದಾನ ಕಾಯುವ ಮಾಲಿಯಿಂದ ಹಿಡಿದು ಚೆಂಡು ಹೊಲಿಯುವವರವರೆಗೂ ಸಂಘ ಕಟ್ಟುವ, ಕೂತು ಕರಾರು ಮಾಡುವ ಹಕ್ಕು ಇರಲಿ.

ಇದಕ್ಕೆ ಮೊದಲ ಹೆಜ್ಜೆ ದಿಲ್ಲಿಯಲ್ಲಿ ಇಡಬೇಕಾಗಿಲ್ಲ. ನಮ್ಮ ಊರಿನ ಮೈದಾನ ಯಾರ ಹೆಸರಿನಲ್ಲಿದೆ, ವರ್ಷಕ್ಕೆ ಎಷ್ಟು ದಿನ ಹುಡುಗರಿಗೆ, ಎಷ್ಟು ದಿನ ವಸ್ತುಪ್ರದರ್ಶನದ ಗುತ್ತಿಗೆದಾರನಿಗೆ ಎಂದು ಮುಂದಿನ ಸೋಮವಾರ ನಗರಸಭೆಗೆ ಹೋಗಿ ಕೇಳೋಣ. ಕಾರ್ಮಿಕರು ಪಾಳಿ ಮುಗಿಸಿ ಬನ್ನಿ. ವರ್ತಕರು ಒಂದು ಗಂಟೆ ಅಂಗಡಿಯ ಕದ ಹಾಕಿ ಬನ್ನಿ. ಆಟ ನೋಡುವವರ ಸಂಖ್ಯೆಯೇ ಅವರ ಬಂಡವಾಳ ಎಂದಮೇಲೆ, ಆ ಸಂಖ್ಯೆ ನಾವೇ ಅಲ್ಲವೆ?